ತಂತಿಯ ಕೆಳಗೆ ಅಳತೆಯಾಗಲಿ

ಹೈಟೆನ್ಷನ್ ತಂತಿಯ ಕಾಂತಕ್ಷೇತ್ರದಿಂದ ಅಪಾಯವೇ ಇಲ್ಲವೆಂದು ಸಾರುವವರು ವಿಜ್ಞಾನದ ಅರ್ಧವನ್ನಷ್ಟೇ ಹೇಳುತ್ತಿದ್ದಾರೆ. ಕೂಡದ ಮೂಳೆಯನ್ನು ಕೂಡಿಸಲು ವಿದ್ಯುತ್ಕಾಂತ ಕ್ಷೇತ್ರವನ್ನು ಬಳಸುವ ಉಪಕರಣಕ್ಕೆ ಅಮೆರಿಕ 1979ರಲ್ಲೇ ಒಪ್ಪಿಗೆ ನೀಡಿತು. ಜೀವಕೋಶವು ಕ್ಷೇತ್ರಕ್ಕೆ ಸ್ಪಂದಿಸಲಾರದೆಂಬ ವಾದ ಅಲ್ಲಿಗೇ ದುರ್ಬಲವಾಯಿತು. ಮಾನವ ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳಲ್ಲಿ 50 ಹರ್ಟ್ಸ್ ಕ್ಷೇತ್ರವು ಡಿಎನ್‌ಎ ಎಳೆಗಳನ್ನು ತುಂಡರಿಸಿತೆಂದು ಯುರೋಪಿನ ‘ರಿಫ್ಲೆಕ್ಸ್’ ಯೋಜನೆ 2004ರಲ್ಲಿ ವರದಿ ಮಾಡಿತು. ಆದರೆ ಅದರಲ್ಲಿ ಪಾಲ್ಗೊಂಡಿದ್ದ ವಿಯೆನ್ನಾದ ಪ್ರಯೋಗಾಲಯದ ದತ್ತಾಂಶದ ಬಗ್ಗೆಯೇ 2008ರಲ್ಲಿ ಶಂಕೆ ಎದ್ದಿತು. ಆದ್ದರಿಂದ ತಂತಿಯ ಕೆಳಗೆ ನಡೆದವರ ಚರ್ಮ ಕೆಡುತ್ತದೆಂಬ ಕೂಗು ನಮ್ಮದಾಗಬಾರದು.

ನಮ್ಮ ಪ್ರಶ್ನೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2002ರಲ್ಲಿ ಈ ಕಾಂತಕ್ಷೇತ್ರವನ್ನು ‘ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ ವರ್ಗಕ್ಕೆ ಸೇರಿಸಿತು. ಮಕ್ಕಳ ರಕ್ತಕ್ಯಾನ್ಸರಿನೊಂದಿಗೆ ಸಂಬಂಧ ಕಂಡದ್ದು ಸರಾಸರಿ 0.3–0.4 ಮೈಕ್ರೊಟೆಸ್ಲಾ ಮೀರಿದ ಮನೆಗಳಲ್ಲಿ. ಕಾರಣವೆಂದು ಸಿದ್ಧವಾಗಿಲ್ಲ, ತಳ್ಳಿಹಾಕಲೂ ಆಗಿಲ್ಲ. 2010ರ ಅಂತಾರಾಷ್ಟ್ರೀಯ ಮಿತಿಯಾದರೋ 200! ಅದು ನರಗಳ ತತ್‌ಕ್ಷಣದ ಪ್ರಚೋದನೆಯನ್ನು ತಡೆಯಲು ಹಾಕಿದ ಮಿತಿಯೇ ಹೊರತು ದಶಕಗಳ ವಾಸಕ್ಕಲ್ಲ. ಹಾಗಿರುವಾಗ ‘ಮಿತಿಯೊಳಗಿದೆ’ ಎಂಬುದು ಉತ್ತರವಾದೀತೆ?

ಮಾರ್ಗ ಎಳೆಯುವ ಮುನ್ನವೂ ಎಳೆದ ಬಳಿಕವೂ ಸಮೀಪದ ಮನೆ, ಶಾಲೆಗಳಲ್ಲಿ ಅಳತೆಯಾಗಲಿ. ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಲಿ. 400 ಕೆವಿ ಮಾರ್ಗದ 46 ಮೀಟರ್ ಪಟ್ಟಿಯಲ್ಲಿ ಉರುಳುವ ಮರಗಳ ಲೆಕ್ಕ ಕೇಳುವ ನಾವು ಮೈಕ್ರೊಟೆಸ್ಲಾದ ಲೆಕ್ಕವನ್ನೂ ಕೇಳೋಣ.