ತೊದಲು, ಉಗ್ಗು, ಗದ್ಗದ

ಮಾತು ಬಾಯಲ್ಲಿ ಎಡವಿದಾಗ ಆ ಎಡವುವಿಕೆಗೆ ಜನರು ಏನು ಹೆಸರಿಡುವರೆಂಬುದು ವಿಚಾರಾರ್ಹವಾದ ವಿಷಯವು. ನಮ್ಮ ಬೆಂಗೇರಿಯ ಗೃಹಿಣಿಯೊಬ್ಬಳು ತನ್ನ ಏಳು ವರ್ಷದ ಮಗನ ಸಲುವಾಗಿ ಕೇಳಿದ ಪ್ರಶ್ನೆಯೇ ಈ ತಿಂಗಳಿನ ಬರಹಕ್ಕೆ ಕಾರಣವಾಯಿತು. “ಮಾಸ್ತರ್ರ, ಎಲ್ಲಾರ ಕೂಡ ಮಗ್ಗಿ ಹೇಳೂವಾಗ ಒಂದಕ್ಷರ ತಡಿಯೂದುಲ್ಲ. ಯಾರರ ಹೆಸರ ಕೇಳಿದ್ರ ಮಾತ್ರ ಬಾಯಿ ಕಟ್ಟತೈತಿ. ಸಾಲ್ಯಾಗ ತೊದಲ ಅಂತ ಕರೀತಾರ್ರಿ. ಇದು ತೊದಲನ, ಮತ್ತೇನರ ಬ್ಯಾನಿನ?”

ತಾಯಿಯ ಸಂದೇಹವು ಸರಿಯಾದುದೇ. ತೊದಲು ಎಂಬುದು ಮೊದಲಿಗೆ ಕೂಸಿನ ಸೊತ್ತು. ಅಕ್ಷರಗಳಿನ್ನೂ ನಾಲಿಗೆಗೆ ಒಗ್ಗದ ಕಾಲಕ್ಕೆ ‘ರ’ಕಾರವು ‘ಲ’ಕಾರವಾಗಿ ಹೊರಡುವದು, ಅದನ್ನು ಕೇಳಿ ಮನೆಯವರೆಲ್ಲ ಹಿಗ್ಗುವರು. ಉಗ್ಗು ಬೇರೆ. ಉಗ್ಗುವವನಿಗೆ ಅಕ್ಷರವೂ ಗೊತ್ತು, ಅದರ ಸ್ಥಾನವೂ ಗೊತ್ತು. ಆದರೆ ಮೊದಲಕ್ಷರವು ಮತ್ತೆ ಮತ್ತೆ ಬರುವದು, ಇಲ್ಲವೆ ಎಳೆದುಕೊಂಡು ಹೋಗುವದು, ಇಲ್ಲವೆ ಗಂಟಲಲ್ಲಿಯೇ ಸಿಕ್ಕಿಕೊಳ್ಳುವದು. ಪಾಠ ಬಾರದವನು ತಡವರಿಸುವನು. ಪಾಠ ಬಂದೂ ಹೇಳಲಾರದವನು ಉಗ್ಗುವನು. ನಮ್ಮ ಭಾಷೆಯಲ್ಲಿ ಮೂರು ಶಬ್ದಗಳಿದ್ದರೂ ನಾವು ಎಲ್ಲಕ್ಕೂ ತೊದಲೆಂದೇ ಅನ್ನುತ್ತ ಬಂದಿದ್ದೇವೆ.

ಸಂಸ್ಕೃತದಲ್ಲಿಯೂ ಇಂಥದೇ ಕಥೆಯುಂಟು. ಸುಶ್ರುತನು ನಿದಾನಸ್ಥಾನದಲ್ಲಿ ವಾತದ ವಿಕಾರಗಳನ್ನು ಹೇಳುವಾಗ ಮೂಕ, ಮಿನ್ಮಿಣ, ಗದ್ಗದ ಎಂದು ಮೂವರನ್ನು ಬೇರ್ಪಡಿಸಿದ್ದಾನೆ. ಮೂಕನಿಗೆ ಮಾತಿಲ್ಲ, ಮಿನ್ಮಿಣನದು ಮೂಗಿನ ಮಾತು, ಗದ್ಗದನದು ತಡೆದು ಬರುವ ಮಾತು. ಪಾಣಿನೀಯ ಶಿಕ್ಷೆಯು ಗದ್ಗದಿತವನ್ನು ಪಠನದೋಷಗಳ ಸಾಲಿನಲ್ಲಿಟ್ಟಿದೆ. ಅಮರಕೋಶದಲ್ಲಿ ಅಸ್ಪಷ್ಟವಾಗಿ ಮಾತನಾಡುವವನಿಗೆ ಲೋಹಲನೆಂಬ ಹೆಸರಿದೆ. ಆದರೆ ಕನ್ನಡಕ್ಕೆ ಬಂದ ಗದ್ಗದವು ರೋಗದ ಅರ್ಥವನ್ನು ಬಿಟ್ಟುಕೊಟ್ಟು ಕೀರ್ತನಕಾರರ ಕೈಗೆ ಸಿಕ್ಕಿತು. ಈಗ ಗದ್ಗದಕಂಠವೆಂದರೆ ಭಕ್ತಿಯಿಂದಲೋ ದುಃಖದಿಂದಲೋ ತುಂಬಿ ಬಂದ ಕಂಠವೇ ಹೊರತು ಉಗ್ಗಿನ ನೆನಪು ಯಾರಿಗೂ ಆಗದು.

ಕನ್ನಡ ಶಬ್ದಗಳ ಮಾತು ಬಂದಾಗ ಜರ್ಮನ ದೇಶದ ಫರ್ಡಿನಂಡ ಕಿಟ್ಟೆಲರನ್ನು ನೆನೆಯದಿರುವದು ಹೇಗೆ? ಬಾಸೆಲ ಮಿಶನ್ನಿನ ಪರವಾಗಿ 1853ರಲ್ಲಿ ಹಿಂದುಸ್ತಾನಕ್ಕೆ ಬಂದ ಅವರು ನಮ್ಮ ಧಾರವಾಡ-ಹುಬ್ಬಳ್ಳಿಗಳ ಕಡೆಗೂ ಇದ್ದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕೋಶದಲ್ಲಿ ಕನ್ನಡ ಶಬ್ದಕ್ಕೆ ಜರ್ಮನರೊಬ್ಬರು ಇಂಗ್ಲಿಷಿನಲ್ಲಿ ಅರ್ಥ ಹೇಳಿದ್ದಾರೆ. ಆ ಎರಡು ಭಾಷೆಗಳು ಅಕ್ಕತಂಗಿಯರಾದರೂ ಈ ವಿಷಯದಲ್ಲಿ ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದು. ಇಂಗ್ಲಂಡದವರು ಉಗ್ಗಿಗೆ ‘ಸ್ಟ್ಯಾಮರ್’ ಎನ್ನುವರು. ಅಮೇರಿಕೆಯವರು ಅದಕ್ಕೇ ‘ಸ್ಟಟರ್’ ಎನ್ನುವರು. ಜರ್ಮನರಲ್ಲಿ ಉಗ್ಗಿಗೆ ‘ಷ್ಟೊಟರ್ನ್’ ಎಂಬುದೇ ಸರಿಯಾದ ಶಬ್ದವು. ‘ಸ್ಟ್ಯಾಮರ್’ಗೆ ಒಡಹುಟ್ಟಿದ ‘ಷ್ಟಾಮೆಲ್ನ್’ ಎಂಬುದನ್ನು ಅವರ ವೈದ್ಯರು ಅಕ್ಷರವು ಸರಿಯಾಗಿ ಹೊರಡದಿರುವದಕ್ಕೆ, ಎಂದರೆ ನಮ್ಮ ತೊದಲಿಗೆ, ಬಳಸುತ್ತಿದ್ದರು. 1877ರಲ್ಲಿ ಕುಸ್‌ಮೌಲನೆಂಬ ವೈದ್ಯನು ವಾಗ್ದೋಷಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇವೆರಡನ್ನು ಬೇರೆ ಮಾಡಿಯೇ ವಿವರಿಸಿದ್ದಾನೆ. ಗಡಿಬಿಡಿಯಿಂದ ಮಾತುಗಳನ್ನು ಒಂದರ ಮೇಲೊಂದು ಸುರಿಯುವದಕ್ಕೆ ‘ಪೋಲ್ಟರ್ನ್’ ಎಂಬ ಮೂರನೆಯ ಹೆಸರುಂಟು. ಪಾತ್ರೆಗಳು ಉರುಳಿದ ಗದ್ದಲವೆಂದು ಅದರ ಅರ್ಥ.

‘ಷ್ಟೊಟರ್ನ್’ ಶಬ್ದದ ಮೂಲದಲ್ಲಿ ಮೇಲಿಂದ ಮೇಲೆ ಢಿಕ್ಕಿ ಹೊಡೆಯುವದೆಂಬ ಭಾವವಿದೆ. ಮೋಟಾರಿನ ಯಂತ್ರವು ಕೆಮ್ಮಿಕೊಂಡು ನಡೆದರೂ ಅವರು ಉಗ್ಗಿತೆನ್ನುವರು. ವಿನೋದವೆಂದರೆ, ಕಂತಿನ ಮೇಲೆ ಸಾಮಾನು ಕೊಳ್ಳುವದಕ್ಕೆ ಅವರ ಆಡುಮಾತಿನಲ್ಲಿ ‘ಉಗ್ಗಿನ ಮೇಲೆ ಕೊಳ್ಳುವದು’ ಎಂಬ ಪ್ರಯೋಗವಿದೆ! ಸಾಲ ತೀರಿಸುವ ನಮ್ಮ ರೀತಿಗೂ ಈ ಮಾತು ಒಪ್ಪದೆ ಇರದು.

ಹೆಸರು ತಪ್ಪಿದರೆ ಉಪಾಯವೂ ತಪ್ಪುವದು. ದೋಷವು ನಾಲಿಗೆಯದೆಂದು ಬಗೆದು 1841ರಲ್ಲಿ ಬರ್ಲಿನದ ಪ್ರಸಿದ್ಧ ಶಸ್ತ್ರವೈದ್ಯ ಡೀಫೆನ್‌ಬಾಖನು ಉಗ್ಗುವವರ ನಾಲಿಗೆಯಿಂದ ಒಂದು ತುಂಡನ್ನೇ ಕೊಯ್ದು ತೆಗೆದನು. ನಮ್ಮ ಅಜ್ಜಿಯಂದಿರು ಅಷ್ಟು ಕ್ರೂರರಲ್ಲ; ಬಜೆಯನ್ನು ತೇಯ್ದು ನೆಕ್ಕಿಸಿದರು. ಬಜೆಗೆ ಸಂಸ್ಕೃತದಲ್ಲಿ ವಚಾ ಎಂದು ಹೆಸರು, ಆದ್ದರಿಂದ ಅದು ಮಾತನ್ನು ಕೊಡುವದೆಂದು ನಂಬಿಕೆ. ಆದರೆ ನಾಲಿಗೆಯೇ ಕೆಟ್ಟಿದ್ದರೆ ಆ ಹುಡುಗನು ಮಗ್ಗಿಯನ್ನು ಹೇಗೆ ಹೇಳುತ್ತಿದ್ದನು? ಹಲವರೊಡನೆ ಕೂಡಿ ಓದುವಾಗಲೂ ಭಜನೆಯಲ್ಲಿ ಹಾಡುವಾಗಲೂ ಉಗ್ಗುವವರ ಮಾತು ಬಹುಮಟ್ಟಿಗೆ ಸರಾಗವಾಗುವದು. ತನ್ನ ಹೆಸರನ್ನು ಹೇಳುವದೇ ಅನೇಕರಿಗೆ ಕಠಿಣ. ಬೇರೆ ಶಬ್ದ ಕಷ್ಟವಾದರೆ ಅದರ ಬದಲಿಗೆ ಇನ್ನೊಂದನ್ನು ಹಾಕಬಹುದು, ಹೆಸರಿಗೆ ಬದಲಿ ಎಲ್ಲಿಯದು? ಉಗ್ಗು ಮನೆತನದಲ್ಲಿ ಇಳಿದು ಬರುವದೂ ಉಂಟು. ಕೆಲವು ಕುಟುಂಬಗಳಲ್ಲಿ ಅದಕ್ಕೆ ಸಂಬಂಧಿಸಿದ ವಂಶವಾಹಿಯ ಬದಲಾವಣೆಗಳನ್ನು 2010ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಇದರಲ್ಲಿ ಹುಡುಗನ ಹಟವೂ ಇಲ್ಲ, ತಾಯಿಯ ತಪ್ಪೂ ಇಲ್ಲ.

ಎರಡರಿಂದ ಐದು ವರ್ಷದೊಳಗೆ ಉಗ್ಗಲಾರಂಭಿಸಿದ ಮಕ್ಕಳಲ್ಲಿ ಬಹುಜನರಿಗೆ ಅದು ತಾನಾಗಿಯೇ ಹೋಗುವದು. ಏಳು ವರ್ಷವಾದರೂ ಉಳಿದಿದ್ದರೆ, ಅಥವಾ ಮಗುವು ಮಾತನಾಡಲು ಅಂಜುತ್ತಿದ್ದರೆ, ಕಾಯುತ್ತ ಕೂಡ್ರಬಾರದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆಯುಂಟು. ಈ ವಿದ್ಯೆ ಕಲಿತವರು ದೊಡ್ಡ ಆಸ್ಪತ್ರೆಗಳಲ್ಲಿಯೂ ದೊರೆಯುವರು. ಮನೆಯಲ್ಲಿ ಮಾಡತಕ್ಕದ್ದು ಇಷ್ಟು: ಹುಡುಗನ ಮಾತನ್ನು ನೀವು ಮುಗಿಸಿಕೊಡಬೇಡಿರಿ, ‘ಸಾವಕಾಶ ಹೇಳು’ ಎಂದು ಗದರಿಸಬೇಡಿರಿ; ನೀವೇ ಸಾವಕಾಶವಾಗಿ ಮಾತನಾಡಿರಿ, ಅವನ ಮುಖವನ್ನು ನೋಡುತ್ತ ಕೇಳಿರಿ. ಸಾಲೆಗೆ ಹೋಗಿ ಮಾಸ್ತರರಿಗೆ ಎರಡು ಮಾತು ಹೇಳುವದೂ ಅಷ್ಟೇ ಅವಶ್ಯ. ಹುಡುಗನಿಗೆ ತಂದೆತಾಯಿಗಳು ಇಟ್ಟ ಹೆಸರೊಂದಿದೆ. ಅವನಿಗೆ ಅದನ್ನು ಹೇಳುವದು ಕಷ್ಟವಾದರೂ ಮಾಸ್ತರರಿಗೆ ಕಷ್ಟವಾಗದು.