ಒಂದೇ ಹನಿ, ಹೆಸರು ಹಲವು

ಧೂಳಿನ ದಿನಗಳು ಬಂದವೆಂದರೆ ಓದುವ ಮಕ್ಕಳ ಕಣ್ಣು ಕೆಂಪಾಗುತ್ತದೆ. ಉಜ್ಜಿದಷ್ಟೂ ತುರಿಕೆ. ವೈದ್ಯರು ಅಲರ್ಜಿ ಎಂದು ಹೇಳಿ ಡ್ರಾಪ್ಸ್ ಬರೆದುಕೊಡುತ್ತಾರೆ. ಬೆರಳುದ್ದದ ಬಾಟಲಿಯ ಬೆಲೆ ಕೇಳಿದ ತಾಯಿ, 'ಇದಕ್ಕಿಂತ ಕಡಿಮೆಯದು ಇಲ್ಲವೇನಪ್ಪಾ?' ಎಂದು ಅಂಗಡಿಯವನನ್ನು ಕೇಳುತ್ತಾಳೆ. ಎಷ್ಟೋ ಸಲ ಇರುತ್ತದೆ. ಹುಡುಕುವ ಬಗೆ ಗೊತ್ತಿರಬೇಕು, ಅಷ್ಟೆ.

ಔಷಧಿಗೆ ಎರಡು ಹೆಸರು. ಕಂಪನಿ ಇಟ್ಟದ್ದು ಒಂದು. ಒಳಗಿರುವ ಮದ್ದಿನದು ಇನ್ನೊಂದು. ಈ ಎರಡನೆಯದೇ ಜೆನೆರಿಕ್ ಹೆಸರು. ಕಣ್ಣಿನ ಅಲರ್ಜಿಗೆ ಕೊಡುವ ಓಲೊಪಟಡಿನ್‌ಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 'ಪ್ಯಾಟನಾಲ್' ಎಂಬ ಹೆಸರಿನಲ್ಲಿ. ಇಂದು ಭಾರತದಲ್ಲಿ ಅದೇ ಮದ್ದನ್ನು ಹಲವು ಕಂಪನಿಗಳು ತಮ್ಮ ತಮ್ಮ ಹೆಸರಿನಲ್ಲಿ, ಬೇರೆ ಬೇರೆ ಬೆಲೆಗೆ ಮಾರುತ್ತವೆ.

ಡಬ್ಬಿಯ ಮೇಲೆ 'ಕಾಂಪೊಸಿಷನ್' ಎಂಬ ಭಾಗವಿರುತ್ತದೆ. ಅದನ್ನು ಮಕ್ಕಳಿಂದಲೇ ಓದಿಸಿ, ಮದ್ದಿನ ಹೆಸರು ಮತ್ತು ಅದರ ಶೇಕಡಾ ಪ್ರಮಾಣ ಎರಡನ್ನೂ ಬರೆದಿಟ್ಟುಕೊಳ್ಳಬೇಕು. ಪ್ರಮಾಣವನ್ನು ಕಡೆಗಣಿಸುವಂತಿಲ್ಲ. ಓಲೊಪಟಡಿನ್ 0.1% ಆದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, 0.2% ಆದರೆ ಒಂದೇ ಸಲ. ಆ ಚೀಟಿ ಹಿಡಿದು 2008ರಲ್ಲಿ ಆರಂಭವಾದ ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಬಹುದು. 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ಮದ್ದಿನ ಹೆಸರು ಹಾಕಿದರೆ ಬೆಲೆಯೂ, ಹತ್ತಿರದ ಕೇಂದ್ರದ ವಿಳಾಸವೂ ಸಿಗುತ್ತದೆ.

ಎಡವುವುದು ಇನ್ನೊಂದು ಕಡೆ. ಮಾಕ್ಸಿಫ್ಲಾಕ್ಸಸಿನ್ ಸೋಂಕಿಗೆ ಹಾಕುವ ಹನಿ. ಅದಕ್ಕೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬೆರೆಸಿದ ಹನಿಯೂ ಅಂಗಡಿಯಲ್ಲಿರುತ್ತದೆ. ಎಷ್ಟೋ ಸಲ ಹೆಸರಿನ ಕೊನೆಗೆ ಒಂದಕ್ಷರ ಹೆಚ್ಚು, ಅಷ್ಟೇ ವ್ಯತ್ಯಾಸ. ಸ್ಟೀರಾಯ್ಡ್ ಹಾಕಿದೊಡನೆ ಕೆಂಪು ಇಳಿಯುತ್ತದೆ, ಮಗು ಹಾಯಾಗುತ್ತದೆ. 'ಒಳ್ಳೆಯ ಔಷಧಿ' ಎಂದು ಅದನ್ನೇ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಾಕುತ್ತಾ ಹೋದರೆ ಕಣ್ಣಿನ ಒಳಒತ್ತಡ ಏರಬಹುದು, ಪೊರೆ ಬರಬಹುದು. ಒತ್ತಡ ಏರುವಾಗ ನೋವೇ ಇಲ್ಲದಿರಬಹುದು. ಅದರಿಂದ ನರಕ್ಕೆ ಪೆಟ್ಟಾಗಿ ಹೋದ ದೃಷ್ಟಿ ಮರಳಿ ಬಾರದು. ಆದ್ದರಿಂದ ಅಗ್ಗದ ಹನಿಯಲ್ಲಿ ಇರಬೇಕಾದದ್ದು ಇದೆಯೇ ಎಂದು ನೋಡಿದರೆ ಸಾಲದು, ಇರಬಾರದ್ದು ಸೇರಿದೆಯೇ ಎಂದೂ ನೋಡಬೇಕು.

ಅಂಗಡಿಯವನು ತಾನಾಗಿ ಬದಲಿ ಕೊಟ್ಟರೆ ಆಗದೇ? ಇಂಥ ಚೀಟಿ ಔಷಧಿಗಳಲ್ಲಿ ವೈದ್ಯರು ಬರೆದದ್ದರ ಬದಲು ಬೇರೊಂದನ್ನು ಕೊಡಲು ನಮ್ಮ ಔಷಧ ನಿಯಮ ಒಪ್ಪುವುದಿಲ್ಲ. ಹಾಗಾಗಿ ಕೇಳಬೇಕಾದ ಜಾಗ ವೈದ್ಯರ ಕೊಠಡಿ. 'ಡಾಕ್ಟ್ರೇ, ಇದರ ಜೆನೆರಿಕ್ ಹೆಸರನ್ನೇ ಬರೆದುಕೊಡುತ್ತೀರಾ? ಇದರಲ್ಲಿ ಸ್ಟೀರಾಯ್ಡ್ ಇದೆಯೇ? ಎಷ್ಟು ದಿನ ಹಾಕಬೇಕು?' ಈ ಮೂರು ಪ್ರಶ್ನೆಗೆ ಎರಡು ನಿಮಿಷ ಸಾಕು. ಸಂಕೋಚಪಟ್ಟು ಎದ್ದು ಬಂದರೆ ನಷ್ಟ ಹಣದ್ದು ಮಾತ್ರವೇ ಆಗಬೇಕೆಂದಿಲ್ಲ.