ಏಳು ರಾತ್ರಿಗಳ ಬೆಲೆಯೆಷ್ಟು?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೊಂದು ದೂರವಾಣಿ ಕರೆ ಬಂದಿತು. ನಾವು ಅದೃಷ್ಟಶಾಲಿ ದಂಪತಿಗಳಾಗಿ ಆಯ್ಕೆಯಾಗಿರುವೆವೆಂದೂ, ಹೋಟೆಲೊಂದರಲ್ಲಿ ಉಚಿತ ಭೋಜನವೂ ಉಡುಗೊರೆಯೂ ಕಾದಿರುವುವೆಂದೂ ತಿಳಿಸಲಾಯಿತು. ಭೋಜನಕ್ಕೆ ಮುನ್ನ ಎರಡು ತಾಸು ಗಿರಿಧಾಮ, ಕಡಲತೀರಗಳ ವರ್ಣಚಿತ್ರಗಳನ್ನು ತೋರಿಸಿದರು. 4 ಲಕ್ಷ ರೂಪಾಯಿ ತೆತ್ತರೆ 25 ವರ್ಷಗಳ ಕಾಲ ವರ್ಷಕ್ಕೆ 7 ರಾತ್ರಿ ರೆಸಾರ್ಟುಗಳಲ್ಲಿ ತಂಗುವ ಹಕ್ಕು ನಮ್ಮದಾಗುವುದಂತೆ. ಆ ದರ ಅಂದಿನ ರಾತ್ರಿಗೆ ಮಾತ್ರವಂತೆ! ಮಗಳ ನರ್ಸಿಂಗ್ ಶಿಕ್ಷಣಕ್ಕೆಂದು ಕೂಡಿಟ್ಟ ಹಣ ಬ್ಯಾಂಕಿನಲ್ಲಿತ್ತು. ನಾನು ಸಹಿ ಹಾಕಲು ಲೇಖನಿ ಎತ್ತಿಕೊಂಡಿದ್ದೆ. "ನಾಳೆ ತಿಳಿಸುತ್ತೇವೆ" ಎಂದು ಎದ್ದು ನಿಂತವಳು ನನ್ನ ಪತ್ನಿ.

ಅಂದು ರಾತ್ರಿ ಮನೆಯಲ್ಲಿ ಲೆಕ್ಕ ಹಾಕಲು ಕುಳಿತೆವು. 4 ಲಕ್ಷವನ್ನು ಶೇಕಡಾ 6ರ ಬಡ್ಡಿಗೆ ಠೇವಣಿ ಇಟ್ಟರೆ ವರ್ಷಕ್ಕೆ 24,000 ರೂಪಾಯಿ ದೊರೆಯುತ್ತದೆ. ಸದಸ್ಯರು ಪ್ರತಿವರ್ಷ ತೆರಬೇಕಾದ ನಿರ್ವಹಣಾ ಶುಲ್ಕ ನಮಗೆ ಹೇಳಿದಂತೆ 18,000. ಒಟ್ಟು 42,000, ಅಂದರೆ ರಾತ್ರಿಯೊಂದಕ್ಕೆ 6,000 ರೂಪಾಯಿ. ಊಟ, ಪ್ರಯಾಣದ ವೆಚ್ಚ ಬೇರೆ. ಠೇವಣಿಯ ಅಸಲು 25 ವರ್ಷಗಳ ಬಳಿಕವೂ ಉಳಿಯುತ್ತದೆ. ಸದಸ್ಯತ್ವದ ಅವಧಿ ಮುಗಿದಾಗ ಕೈಯಲ್ಲಿ ಏನೂ ಉಳಿಯದು. ನಿರ್ವಹಣಾ ಶುಲ್ಕವಾದರೋ ಏರುತ್ತಲೇ ಹೋಗುವಂಥದು. ಪ್ರವಾಸ ಹೋಗದ ವರ್ಷವೂ ಅದನ್ನು ಕಟ್ಟಬೇಕು.

"ಟೈಮ್‌ಶೇರ್" ಎಂಬ ಈ ಪದ್ಧತಿ 1960ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿ, 1980ರ ದಶಕದಲ್ಲಿ ನಮ್ಮ ದೇಶವನ್ನು ಪ್ರವೇಶಿಸಿತು. ಪದ್ಧತಿಯೇ ಮೋಸವೆಂದು ದೂರುವುದು ನ್ಯಾಯವಲ್ಲ. ಪ್ರತಿವರ್ಷ ತಪ್ಪದೆ ಪ್ರವಾಸ ಹೋಗುವ, ತಿಂಗಳುಗಳ ಮೊದಲೇ ಕೊಠಡಿ ಕಾದಿರಿಸಬಲ್ಲ, ದುಬಾರಿ ಹೋಟೆಲುಗಳಲ್ಲೇ ತಂಗುವ ಕುಟುಂಬಗಳಿಗೆ ಇದರಿಂದ ಲಾಭವಾಗಲೂಬಹುದು. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಬಿಡುವು ಸಿಗುವುದು ಮಕ್ಕಳ ಶಾಲೆಗೆ ರಜೆಯಿರುವ ಏಪ್ರಿಲ್-ಮೇ ತಿಂಗಳಲ್ಲಿ, ಇಲ್ಲವೇ ಕ್ರಿಸ್ಮಸ್ ಸಮಯದಲ್ಲಿ. ಎಲ್ಲರೂ ಕೊಠಡಿ ಬಯಸುವುದು ಆಗಲೇ. ಆ ದಿನಗಳ ಸದಸ್ಯತ್ವಕ್ಕೆ ಬೆಲೆಯೂ ಹೆಚ್ಚು. ಅಗ್ಗದ ಸದಸ್ಯತ್ವ ಪಡೆದವರಿಗೆ ಆಗ ಕೊಠಡಿ ದೊರೆಯುವುದು ದುರ್ಲಭ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು, ರಜೆಯಲ್ಲಿ ಊರಿಗೆ ಬಂದು ತಂದೆತಾಯಿಯರೊಡನೆ ಇರಬಯಸುವ ನಮ್ಮ ಯುವಕರಿಗೆ ಏಳು ರಾತ್ರಿಗಳ ರೆಸಾರ್ಟ್ ವಾಸದಿಂದ ಪ್ರಯೋಜನವೇನು?

ಇದನ್ನು "ಆಸ್ತಿ" ಎಂದು ಬಣ್ಣಿಸುವವರಿದ್ದಾರೆ. ಸಾಮಾನ್ಯವಾಗಿ ಸದಸ್ಯನಿಗೆ ದೊರೆಯುವುದು ತಂಗುವ ಹಕ್ಕು ಮಾತ್ರ, ಭೂಮಿಯ ಒಡೆತನವಲ್ಲ. ಮಾರಲು ಹೊರಟರೆ ಕೊಟ್ಟ ಬೆಲೆ ಮರಳಿ ಬರುವುದು ಕಷ್ಟ. ಐರೋಪ್ಯ ಒಕ್ಕೂಟದ 2008ರ ನಿರ್ದೇಶನದ ಪ್ರಕಾರ ಖರೀದಿದಾರನು 14 ದಿನಗಳೊಳಗೆ ಕಾರಣ ನೀಡದೆಯೇ ಒಪ್ಪಂದದಿಂದ ಹಿಂದೆ ಸರಿಯಬಹುದು. ಆ ಅವಧಿಯಲ್ಲಿ ಅವನಿಂದ ಮುಂಗಡ ಹಣ ಪಡೆಯುವಂತೆಯೂ ಇಲ್ಲ. ನಮ್ಮಲ್ಲಿ ಟೈಮ್‌ಶೇರಿಗೆಂದೇ ರೂಪಿಸಿದ ಅಂಥ ಕಾನೂನಿಲ್ಲ. ಆದುದರಿಂದ ರದ್ದತಿಯ ನಿಯಮ, ಶುಲ್ಕ ಏರಿಕೆಯ ಮಿತಿ ಇವನ್ನು ಒಪ್ಪಂದಪತ್ರದಲ್ಲೇ ಓದಿಕೊಳ್ಳಬೇಕು. ಬಾಯಿಮಾತಿನ ಭರವಸೆ ಸಾಲದು. ಈಗಾಗಲೇ ಸಿಲುಕಿಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ವಯ ಜಿಲ್ಲಾ ಗ್ರಾಹಕ ಆಯೋಗದ ಮೊರೆಹೋಗಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ವಿಹಾರ ತಪ್ಪಲ್ಲ, ದುಡಿಯುವ ದಂಪತಿಗಳಿಗೂ ಮಕ್ಕಳಿಗೂ ಅದು ಅಗತ್ಯ. ಈ ವರ್ಷ ನಾವು ಮಡಿಕೇರಿಯ ಸಾಧಾರಣ ಹೋಂಸ್ಟೇಯೊಂದರಲ್ಲಿ ಮೂರು ರಾತ್ರಿ ತಂಗಿ ಬಂದೆವು. ಮಗಳ ಮೊದಲ ವರ್ಷದ ಶುಲ್ಕವನ್ನೂ ಕಟ್ಟಿಯಾಯಿತು. ಇಂಥ ಆಮಂತ್ರಣ ನಿಮಗೂ ಬಂದರೆ ಹೋಗಿ, ಊಟ ಮಾಡಿ. ಆದರೆ ಸಹಿಯನ್ನು ಮಾತ್ರ ಮನೆಗೆ ಬಂದು, ಮನೆಯವರೆಲ್ಲ ಕೂಡಿ ಲೆಕ್ಕ ಹಾಕುವ ತನಕ ಮುಂದೂಡಿ. ನಾಳೆಯವರೆಗೆ ಕಾಯಲೊಲ್ಲದ ವ್ಯಾಪಾರವನ್ನು 25 ವರ್ಷಗಳ ಕಾಲ ನಂಬುವುದಾದರೂ ಹೇಗೆ?